ಜೂಡೋ ಕಲಿಕೆ: ಶಿವಮೊಗ್ಗ ಸೀಮೆಯ ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಮಕ್ಕಳು, ಅವರ ಅಪ್ಪ-ಅಮ್ಮ, ಗರಡಿಯಿಂದ ಜೂಡೋಗೆ ಬರುವ ಹುಡುಗರು, ಮೂವತ್ತು ದಾಟಿದ ಮೇಲೆ ಶುರು ಮಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪಂದ್ಯದ ನಿಯಮಗಳನ್ನು ಅಂತಾರಾಷ್ಟ್ರೀಯ ಜೂಡೋ ಫೆಡರೇಷನ್ 2025ರಲ್ಲಿ ಜಾರಿಗೆ ತಂದಂತೆ ಕೊಟ್ಟಿದ್ದೇವೆ. ಶಾಲಾ ಮಟ್ಟದ ಸ್ಪರ್ಧೆಗಳಲ್ಲಿ ಸಮಯ, ತೂಕದ ವಿಭಾಗ, ಮಕ್ಕಳಿಗೆ ನಿಷೇಧಿಸಿದ ಪಟ್ಟುಗಳು ಬೇರೆ ಇರಬಹುದು. ಹಾಗಾಗಿ ಹೆಸರು ಕೊಡುವ ಮೊದಲು ಆ ಸ್ಪರ್ಧೆಯ ಸುತ್ತೋಲೆಯನ್ನು ಓದಿಕೊಳ್ಳಿ.

ಜೂಡೋಗೂ ಕರಾಟೆಗೂ ಏನು ವ್ಯತ್ಯಾಸ?

ಕರಾಟೆಯಲ್ಲಿ ಹೊಡೆತ, ಒದೆತ. ಜೂಡೋದಲ್ಲಿ ಎರಡೂ ಇಲ್ಲ. ಎದುರಾಳಿಯ ಬಟ್ಟೆ ಹಿಡಿದು, ಅವನ ಸಮತೋಲ ತಪ್ಪಿಸಿ, ಬೆನ್ನ ಮೇಲೆ ಬೀಳುವಂತೆ ಎಸೆಯಬೇಕು. ಬಿದ್ದ ಮೇಲೂ ಆಟ ಮುಗಿಯದಿದ್ದರೆ ನೆಲದ ಮೇಲೆ ಅದುಮಿ ಹಿಡಿಯಬೇಕು, ಇಲ್ಲವೇ ಕತ್ತು ಒತ್ತಿ ಅಥವಾ ಮೊಣಕೈ ಕೀಲಿಗೆ ಒತ್ತಡ ಹಾಕಿ ಸೋಲೊಪ್ಪಿಸಬೇಕು. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಇದನ್ನು ಕಲಿಸಲು ಶುರು ಮಾಡಿದರು. ಹಳೆಯ ಜುಜುತ್ಸುವಿನಲ್ಲಿ ಅಭ್ಯಾಸಕ್ಕೆ ಅಪಾಯಕಾರಿಯಾಗಿದ್ದ ಪಟ್ಟುಗಳನ್ನು ಬೇರೆ ಇಟ್ಟು, ಪೂರ್ತಿ ಬಲ ಹಾಕಿ ದಿನವೂ ಆಡಬಹುದಾದ್ದನ್ನು ಅವರು ಉಳಿಸಿಕೊಂಡರು. ಒಲಿಂಪಿಕ್ಸ್‌ಗೆ ಜೂಡೋ ಬಂದದ್ದು 1964ರಲ್ಲಿ. ಮಹಿಳೆಯರ ವಿಭಾಗಕ್ಕೆ ಪದಕ ಸಿಕ್ಕಿದ್ದು 1992ರ ಬಾರ್ಸಿಲೋನಾದಿಂದ.

ಯಾವ ವಯಸ್ಸಿಗೆ ಸೇರಿಸಬಹುದು?

ಆರೇಳು ವರ್ಷಕ್ಕೆ ಸೇರಿಸಬಹುದು. ಆ ವಯಸ್ಸಿನಲ್ಲಿ ಉರುಳುವುದು, ಬೀಳುವುದು, ಎಳೆದಾಡುವ ಆಟ ಇವಿಷ್ಟೇ ಸಾಕು. ದೊಡ್ಡವರಿಗೆ ಮೇಲ್ಮಿತಿ ಇಲ್ಲ, ಆದರೆ ನಲವತ್ತರ ಮೇಲೆ ಶುರು ಮಾಡುವವರು ಮೊಣಕಾಲು, ಸೊಂಟ, ರಕ್ತದೊತ್ತಡದ ಬಗ್ಗೆ ವೈದ್ಯರನ್ನು ಕೇಳಿ ಬರಲಿ.

ಮೊದಲ ತಿಂಗಳು ಬರೀ ಬೀಳೋದನ್ನೇ ಕಲಿಸ್ತಾರೆ. ಇಷ್ಟೊಂದು ಬೇಕಾ?

ಬೇಕು. ಇದರಲ್ಲಿ ನಾವು ರಾಜಿ ಆಗುವುದಿಲ್ಲ. ಜೂಡೋದಲ್ಲಿ ಆಗುವ ಗಂಭೀರ ಗಾಯಗಳಲ್ಲಿ ಹೆಚ್ಚಿನವು ತಪ್ಪಾಗಿ ಬಿದ್ದಾಗ ಆಗುವಂಥವು. ಬೀಳಲು ಬಾರದವನ ಮೈ ಎಸೆತ ಬರುವ ಮೊದಲೇ ಬಿಗಿಯಾಗುತ್ತದೆ. ಮೈ ಬಿಗಿ ಹಿಡಿದವನು ತಾನೂ ಎಸೆಯಲಾರ, ಜೊತೆಗಾರನಿಗೂ ಕಲಿಯಲು ಬಿಡಲಾರ. ಬೀಳುವ ಕಲೆಗೆ ಉಕೆಮಿ ಎನ್ನುತ್ತಾರೆ. ನಾಲ್ಕು ಬಗೆ: ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ, ಮುಂದಕ್ಕೆ ಉರುಳಿ.

ಹಿಂದಕ್ಕೆ ಬೀಳುವಾಗ ಮೊದಲು ಕುಕ್ಕರಗಾಲಿನಲ್ಲಿ ಕೂತು ಶುರು ಮಾಡಿ. ಗದ್ದವನ್ನು ಎದೆಗೆ ಒತ್ತಿ, ಕಣ್ಣು ಬೆಲ್ಟಿನ ಗಂಟಿನ ಮೇಲಿರಲಿ. ಬೆನ್ನು ಬಾಗಿಸಿ ಹಿಂದಕ್ಕೆ ಉರುಳಿ, ಬೆನ್ನಿನ ಮೇಲ್ಭಾಗ ಮ್ಯಾಟಿಗೆ ತಾಗುವ ಹೊತ್ತಿಗೆ ಎರಡೂ ಕೈಗಳನ್ನು ಮೈಯಿಂದ 30ರಿಂದ 45 ಡಿಗ್ರಿ ಅಗಲಿಸಿ ಅಂಗೈಯಿಂದ ಮೊಣಕೈವರೆಗೆ ಒಟ್ಟಿಗೆ ಬಡಿಯಿರಿ. ಬಡಿಯುವಾಗ ಉಸಿರು ಹೊರಗೆ ಬಿಡಿ. ಎರಡು ತಪ್ಪು ಎಲ್ಲರಲ್ಲೂ ಕಾಣುತ್ತದೆ. ಒಂದು, ಕೈಯನ್ನು ಹಿಂದೆ ಊರುವುದು. ಅಂಗೈ ಊರಿದರೆ ಇಡೀ ಮೈ ಭಾರ ಮಣಿಕಟ್ಟು, ಮೊಣಕೈ ಮೇಲೆ ಬರುತ್ತದೆ. ಕೈ ಮುರಿಯುವುದು ಹೀಗೆಯೇ. ಎರಡು, ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಬಡಿಯುವುದು. ಆಗ ಪೆಟ್ಟು ಭುಜದ ಕೀಲಿಗೆ ಹೋಗುತ್ತದೆ.

ಮುಂದಕ್ಕೆ ಉರುಳುವುದು ಹೆಚ್ಚು ಕಷ್ಟ. ಬಲಗಾಲು ಮುಂದಿಟ್ಟು, ಬಲಗೈಯನ್ನು ಕಮಾನಿನಂತೆ ಬಾಗಿಸಿ, ಕಿರುಬೆರಳಿನ ಅಂಚು ಮೊದಲು ಮ್ಯಾಟಿಗೆ ತಾಗಲಿ. ಅಲ್ಲಿಂದ ಮುಂಗೈ, ಮೊಣಕೈ, ಬಲಭುಜದ ಹಿಂಭಾಗ, ಓರೆಯಾಗಿ ಬೆನ್ನು, ಕೊನೆಗೆ ಎಡ ಸೊಂಟ. ಎಡಗೈ ಬಡಿಯುವ ಹೊತ್ತಿಗೆ ಎಡಗಾಲು ನೀಳವಾಗಿ, ಬಲಗಾಲು ಮೊಣಕಾಲಲ್ಲಿ ಮಡಚಿ ಅಂಗಾಲು ನೆಲದ ಮೇಲಿರಬೇಕು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಬಿದ್ದರೆ ಪಾದದ ಗಂಟುಗಳು ಪರಸ್ಪರ ಬಡಿಯುತ್ತವೆ. ತೋಳು ಬಾಗದೆ ಕುಸಿದರೆ ಭುಜದ ತುದಿಯೇ ನೆಲಕ್ಕೆ ಬಡಿದು ಕಾಲರ್‌ಬೋನ್ ಮುರಿಯುತ್ತದೆ. ಹಾಗಾಗಿ ಈ ಉರುಳನ್ನು ನಿಂತು ಮಾಡುವ ಮೊದಲು ಮಂಡಿಯೂರಿ ಸಾಕಷ್ಟು ದಿನ ಮಾಡಬೇಕು.

ಪ್ರತಿ ತರಗತಿಯಲ್ಲೂ ಹತ್ತು ನಿಮಿಷ ಉಕೆಮಿ ಇರಲೇಬೇಕು, ಬ್ಲ್ಯಾಕ್ ಬೆಲ್ಟ್ ಬಂದವರಿಗೂ.

ನಾನು ಗರಡಿಯಲ್ಲಿ ಕುಸ್ತಿ ಮಾಡಿದವನು. ಜೂಡೋ ಸುಲಭವಾಗುತ್ತಾ?

ಅರ್ಧ ಸುಲಭ, ಅರ್ಧ ತೊಡಕು. ಹೊಕ್ಕು ಹಿಡಿಯುವ ಧೈರ್ಯ, ಸೊಂಟದ ಬಲ, ಕತ್ತಿನ ಗಟ್ಟಿತನ, ಬಿಟ್ಟುಕೊಡದ ಹಟ ಎಲ್ಲವೂ ನಿಮ್ಮ ಜೊತೆಗೇ ಬರುತ್ತವೆ. ಜಾತ್ರೆ ಅಖಾಡದಲ್ಲಿ ಆಡಿದ ಹುಡುಗರು ನೆಲದ ಮೇಲಿನ ಹಿಡಿತದಲ್ಲಿ ಮೊದಲ ವಾರದಿಂದಲೇ ಬೇರೆಯವರನ್ನು ಕಾಡುತ್ತಾರೆ. ಆದರೆ ನಾಲ್ಕು ಅಭ್ಯಾಸಗಳನ್ನು ಬಿಡಬೇಕು.

ಮೊದಲನೆಯದು, ಕಾಲಿಗೆ ಕೈ ಹಾಕುವುದು. ನಿಂತಿರುವಾಗ ಎದುರಾಳಿಯ ಕಾಲು ಅಥವಾ ಪ್ಯಾಂಟನ್ನು ಕೈಯಿಂದ ಹಿಡಿದು ದಾಳಿ ಮಾಡುವುದಕ್ಕೆ, ತಡೆಯುವುದಕ್ಕೆ ಜೂಡೋದಲ್ಲಿ ದಂಡವಿದೆ. ಕುಸ್ತಿಯವರ ಕೈ ಒತ್ತಡ ಬಂದ ಕೂಡಲೇ ತಾನಾಗಿ ಕಾಲಿಗೆ ಹೋಗುತ್ತದೆ. ಎರಡನೆಯದು, ತಲೆ ಬಗ್ಗಿಸಿ ಸೊಂಟ ಹಿಂದೆ ತಳ್ಳಿ ನಿಲ್ಲುವುದು. ಇದು ರಕ್ಷಣೆಯ ನಿಲುವು ಎಂದು ರೆಫರಿ ಎಣಿಸುತ್ತಾರೆ, ಅಲ್ಲದೆ ಕಾಲರ್ ಹಿಡಿದು ಮುಂದಕ್ಕೆ ಎಳೆಯುವ ಎದುರಾಳಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಮೂರನೆಯದು, ಬೀಳುವಾಗ ಸೇತುವೆ ಕಟ್ಟುವುದು. ಬೆನ್ನು ನೆಲಕ್ಕೆ ತಾಗದಿರಲಿ ಎಂದು ತಲೆ ಮತ್ತು ಹಿಮ್ಮಡಿಯ ಮೇಲೆ ಮೈ ಎತ್ತಿ ಇಳಿದರೆ ಜೂಡೋದಲ್ಲಿ ಅದನ್ನೂ ಬೆನ್ನ ಮೇಲೆ ಬಿದ್ದಂತೆಯೇ ಲೆಕ್ಕ ಹಾಕಿ ಎದುರಾಳಿಗೆ ಇಪ್ಪೊನ್, ಅಂದರೆ ಪಂದ್ಯ ಗೆಲ್ಲಿಸುವ ಪೂರ್ತಿ ಅಂಕ, ಕೊಡುತ್ತಾರೆ. ಕತ್ತು ಉಳಿಯಲಿ ಎಂದೇ ಈ ನಿಯಮ. ನಾಲ್ಕನೆಯದು, ಬೋರಲು ಮಲಗಿದರೆ ಕ್ಷೇಮ ಎಂಬ ನಂಬಿಕೆ. ಬೋರಲು ಮಲಗುವುದು ಜೂಡೋದಲ್ಲಿ ತಪ್ಪಲ್ಲ, ಆದರೆ ನಿಮ್ಮದೇ ಕಾಲರ್ ಕತ್ತಿನ ಸುತ್ತ ಹಗ್ಗವಾಗಿ ಎದುರಾಳಿಗೆ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಟ್ಟೆಯದು. ಎಣ್ಣೆ, ಬೆವರು, ಮಣ್ಣಿನ ಮೈಯಲ್ಲಿ ಜಾರಿಕೊಳ್ಳುವುದು ಒಂದು ವಿದ್ಯೆ. ತೋಳು ಮತ್ತು ಕಾಲರ್ ಹಿಡಿತಕ್ಕೆ ಸಿಕ್ಕವನಿಗೆ ಜಾರಲು ದಾರಿಯಿಲ್ಲ. ಆದ್ದರಿಂದ ಮೊದಲ ಮೂರು ತಿಂಗಳು ಎಸೆತಕ್ಕಿಂತ ಹಿಡಿತದ ಮೇಲೆ ಗಮನವಿಡಿ.

ಹಿಡಿತ ಹೇಗಿರಬೇಕು?

ಬಲಗೈ ಬಳಸುವವರು ಬಲಗೈಯಿಂದ ಎದುರಾಳಿಯ ಎಡ ಕಾಲರನ್ನು ಅವನ ಕಾಲರ್‌ಬೋನ್ ಮಟ್ಟದಲ್ಲಿ, ಎಡಗೈಯಿಂದ ಅವನ ಬಲತೋಳನ್ನು ಮೊಣಕೈ ಕೆಳಗಿನ ಬಟ್ಟೆಯಲ್ಲಿ ಹಿಡಿಯಬೇಕು. ಹಿಡಿತದ ಬಿಗಿ ಕಿರುಬೆರಳು, ಉಂಗುರ ಬೆರಳು, ನಡುಬೆರಳಲ್ಲಿ ಇರಲಿ. ಹೆಬ್ಬೆರಳು, ತೋರುಬೆರಳು ಸಡಿಲವಾಗಿದ್ದರೆ ಮಣಿಕಟ್ಟು ತಿರುಗುತ್ತದೆ. ಐದೂ ಬೆರಳು ಕಚ್ಚಿ ಹಿಡಿದವರ ಮುಂಗೈ ಎರಡೇ ನಿಮಿಷದಲ್ಲಿ ಕಲ್ಲಾಗುತ್ತದೆ. ಬಟ್ಟೆಯ ತೋಳಿನ ಅಂಚಿನೊಳಗೆ ಬೆರಳು ತೂರಿಸಬೇಡಿ. ಅದಕ್ಕೆ ದಂಡವಿದೆ, ಬೆರಳೂ ಮುರಿಯುತ್ತದೆ.

ಜೂಡೋಗಿ ಯಾವುದು ಕೊಳ್ಳಬೇಕು?

ಜೂಡೋಗಿ ಎಂದರೆ ಜೂಡೋ ಆಡುವಾಗ ತೊಡುವ ಬಟ್ಟೆ. ಮಗು ಒಂದೆರಡು ತಿಂಗಳು ನಿಂತು ಕಲಿಯುತ್ತದೆಯೇ ನೋಡಿ ಆಮೇಲೆ ಕೊಳ್ಳಿ. ಕರಾಟೆಯ ತೆಳು ಡ್ರೆಸ್ ನಡೆಯುವುದಿಲ್ಲ, ಮೊದಲ ಎಳೆತಕ್ಕೇ ಭುಜದಲ್ಲಿ ಹರಿಯುತ್ತದೆ. ಹೊಸಬರಿಗೆ ಸಿಂಗಲ್ ವೀವ್ ಹತ್ತಿ ಬಟ್ಟೆ ಸಾಕು. ಡಬಲ್ ವೀವ್ ದಪ್ಪ, ಬಾಳಿಕೆ ಹೆಚ್ಚು, ಆದರೆ ನಮ್ಮ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಹತ್ತಿ ಒಗೆದಾಗ ಕುಗ್ಗುತ್ತದೆ. ಆದ್ದರಿಂದ ಒಂದು ಅಳತೆ ದೊಡ್ಡದು ಕೊಂಡು, ತಣ್ಣೀರಲ್ಲಿ ಒಗೆದು ನೋಡಿ. ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟಿನವರೆಗೆ ಬರಬೇಕು, ತೋಳಿನ ಬಾಯಿ ಕೈಗಿಂತ 10ರಿಂದ 15 ಸೆಂಟಿಮೀಟರ್ ಸಡಿಲವಿರಬೇಕು.

ಎಡ ಅಂಚು ಬಲ ಅಂಚಿನ ಮೇಲೆ ಬರುವಂತೆ ತೊಡಿ. ಬೆಲ್ಟಿನ ನಡುವನ್ನು ಹೊಕ್ಕುಳ ಕೆಳಗಿಟ್ಟು ಎರಡು ಸುತ್ತು ಸುತ್ತಿ, ಒಂದು ತುದಿಯನ್ನು ಎರಡೂ ಸುತ್ತಿನ ಕೆಳಗಿಂದ ಎಳೆದು ಗಂಟು ಹಾಕಿ. ತುದಿಗಳು 20ರಿಂದ 30 ಸೆಂಟಿಮೀಟರ್ ಇಳಿಯಬೇಕು. ಹುಡುಗಿಯರು ಒಳಗೆ ಬಿಳಿ ಟೀ ಶರ್ಟ್ ಹಾಕಬೇಕು. ಸ್ಪರ್ಧೆಗೆ ಬಿಳಿ, ನೀಲಿ ಎರಡು ಜೊತೆ ಕೇಳುತ್ತಾರೆ. ತರಗತಿಗೆ ಬಿಳಿ ಒಂದೇ ಸಾಕು.

ಮಳೆಗಾಲದಲ್ಲಿ ಜೂಡೋಗಿ ಒಣಗೋದಿಲ್ಲ, ಮ್ಯಾಟಿಗೆ ಬೂಷ್ಟು ಬರುತ್ತೆ. ಏನು ಮಾಡೋದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಜೂಡೋದವರ ದೊಡ್ಡ ತಲೆನೋವು ಇದೇ. ಒದ್ದೆ ಬಟ್ಟೆಯಲ್ಲಿ ಬರುವ ಹುಳುಕಡ್ಡಿ ಒಬ್ಬರಿಂದ ಇಡೀ ತರಗತಿಗೆ ಹರಡುತ್ತದೆ. ತರಗತಿ ಮುಗಿದ ಕೂಡಲೇ ಬ್ಯಾಗಿನಿಂದ ಜೂಡೋಗಿ ತೆಗೆಯಿರಿ. ರಾತ್ರಿಯಿಡೀ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೆಳಿಗ್ಗೆಗೆ ಕಪ್ಪು ಚುಕ್ಕೆ ಬಂದಿರುತ್ತದೆ, ಅದು ಮತ್ತೆ ಹೋಗುವುದಿಲ್ಲ. ಒಗೆದು ಹಿಂಡಿದ ಮೇಲೆ ದಪ್ಪ ಟವೆಲಿನಲ್ಲಿ ಸುತ್ತಿ ಮೇಲೆ ತುಳಿದರೆ ಅರ್ಧ ನೀರು ಇಳಿಯುತ್ತದೆ. ತೋಳುಗಳೊಳಗೆ ಬಿದಿರ ಗಳು ತೂರಿಸಿ, ಕಂಕುಳು ಬಿಚ್ಚಿಕೊಂಡಿರುವಂತೆ ತೂಗುಹಾಕಿ ಫ್ಯಾನ್ ಬಿಡಿ. ಮೊದಲು ಕೊಳೆಯುವುದು ಕಂಕುಳು ಮತ್ತು ಕಾಲರ್. ಬಚ್ಚಲೊಲೆಯ ಬಿಸಿಗೆ ಹಾಕುವವರು ಉರಿಯಿಂದ ದೂರವಿಡಿ. ಹೆಚ್ಚು ಶಾಖಕ್ಕೆ ಬಟ್ಟೆ ಕುಗ್ಗುತ್ತದೆ, ಹೊಗೆ ವಾಸನೆ ಹೋಗಲು ಎರಡು ಒಗೆತ ಬೇಕು. ವಾರಕ್ಕೆ ಮೂರು ತರಗತಿ ಇದ್ದರೆ ಮಳೆಗಾಲಕ್ಕೆ ಎರಡನೇ ಜೊತೆ ಕೊಳ್ಳುವುದು ಲೇಸು.

ಮ್ಯಾಟುಗಳನ್ನು ವಾರಕ್ಕೊಮ್ಮೆ ಎತ್ತಿ, ಗೋಡೆಗೆ ಅಂಚಿನ ಮೇಲೆ ನಿಲ್ಲಿಸಿ, ಕೆಳಗಿನ ನೆಲ ಒರೆಸಿ ಗಾಳಿಯಾಡಲು ಬಿಡಬೇಕು. ಸಿಮೆಂಟ್ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಆ ತೇವ ಮ್ಯಾಟಿನ ತಳದಲ್ಲಿ ಕೂತು ಎರಡು ಮ್ಯಾಟುಗಳ ನಡುವೆ ಜಾರು ಮಾಡುತ್ತದೆ, ಮ್ಯಾಟು ಸರಿದು ಸಂದಿ ಬೀಳುತ್ತದೆ, ಆ ಸಂದಿಯಲ್ಲಿ ಕಾಲ್ಬೆರಳು ಸಿಕ್ಕಿ ತಿರುಚುತ್ತದೆ. ನೆಲದ ಮೇಲೆ ಪ್ಲೈವುಡ್ ಹಾಸಿ ಅದರ ಮೇಲೆ ಕನಿಷ್ಠ 4 ಸೆಂಟಿಮೀಟರ್ ದಪ್ಪದ ಮ್ಯಾಟು ಹಾಕಿ, ಸುತ್ತ ಮರದ ಚೌಕಟ್ಟು ಬಿಗಿದರೆ ಈ ತೊಂದರೆ ಬಹುಪಾಲು ಕಡಿಮೆ. ಪ್ರತಿ ತರಗತಿಯ ನಂತರ ಸೋಂಕುನಿವಾರಕ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ.

ಮ್ಯಾಟಿನಿಂದ ಹೊರಗೆ ಕಾಲಿಡುವಾಗ ಚಪ್ಪಲಿ ಕಡ್ಡಾಯ. ಕೆಸರು ಮೆಟ್ಟಿದ ಬರಿಗಾಲು ಮ್ಯಾಟಿಗೆ ಬರಕೂಡದು.

ಉಂಬಳ ಕಚ್ಚಿದ ಗಾಯ ಇದ್ದರೆ ಆಡಬಹುದಾ?

ತೋಟ ದಾಟಿ ಬರುವ ಮಕ್ಕಳಿಗೆ ಇದು ಮಾಮೂಲು. ರಕ್ತ ಹೆಪ್ಪುಗಟ್ಟದಂತೆ ಉಂಬಳ ಮಾಡುವುದರಿಂದ ಅದು ಬಿದ್ದುಹೋದ ಮೇಲೂ ಬಹಳ ಹೊತ್ತು ರಕ್ತ ಸೋರುತ್ತದೆ. ಸೋಪು ನೀರಿನಲ್ಲಿ ತೊಳೆದು, ಹತ್ತಿಯಿಂದ ಒತ್ತಿ ಹಿಡಿದು, ಬ್ಯಾಂಡೇಜಿನ ಮೇಲೆ ಟೇಪ್ ಸುತ್ತಿ ಮ್ಯಾಟಿಗೆ ಬನ್ನಿ. ರಕ್ತ ಕಾಣುತ್ತಿದ್ದರೆ ಯಾರೂ ಆಡುವಂತಿಲ್ಲ. ಸ್ಪರ್ಧೆಯಲ್ಲೂ ಪಂದ್ಯ ನಿಲ್ಲಿಸಿ ಕಟ್ಟು ಹಾಕಿಸುತ್ತಾರೆ. ಒಂದೇ ಗಾಯದಿಂದ ಮೂರನೇ ಸಲ ರಕ್ತ ಬಂದರೆ ಪಂದ್ಯ ಎದುರಾಳಿಗೆ ಹೋಗುತ್ತದೆ.

ಮೊದಲು ಯಾವ ಎಸೆತ ಕಲಿಯಬೇಕು?

ಕಾನೊ ಕಟ್ಟಿದ ಜೂಡೋ ಶಾಲೆ ಕೊಡೊಕಾನ್‌ನ ಪಟ್ಟಿಯಲ್ಲಿ 68 ಎಸೆತಗಳಿವೆ, ನೆಲದ ಪಟ್ಟುಗಳು 32. ಮೊದಲ ವರ್ಷಕ್ಕೆ ನಾಲ್ಕೈದು ಎಸೆತ ಸಾಕು. ಓ-ಗೋಶಿ, ಓ-ಸೋಟೊ-ಗಾರಿ, ದೆ-ಆಶಿ-ಬರಾಯಿ, ಭುಜದ ಮೇಲಿಂದ ಎಸೆಯುವ ಇಪ್ಪೊನ್-ಸೆಯೊಯ್-ನಾಗೆ, ಇವುಗಳ ಜೊತೆಗೆ ಒಳಗಿನಿಂದ ಕಾಲು ಕೊಯ್ಯುವ ಓ-ಉಚಿ-ಗಾರಿ.

ಯಾವ ಎಸೆತಕ್ಕೂ ಮೂರು ಹಂತ: ಸಮತೋಲ ಕೆಡಿಸುವುದು, ಒಳಹೊಕ್ಕು ಜಾಗ ಮಾಡಿಕೊಳ್ಳುವುದು, ಎಸೆಯುವುದು. ಹೊಸಬರು ಮೂರನೆಯದರಿಂದ ಶುರು ಮಾಡುತ್ತಾರೆ. ನೆಟ್ಟಗೆ ನಿಂತವನನ್ನು ಎತ್ತಿ ಎಸೆಯಲು ಅವನ ಪೂರ್ತಿ ತೂಕ ಹೊರಬೇಕು. ಹಿಮ್ಮಡಿಯ ಮೇಲೋ ಕಾಲ್ಬೆರಳ ಮೇಲೋ ನಿಂತವನಿಗೆ ಸಣ್ಣ ತಡೆ ಸಾಕು.

ಓ-ಗೋಶಿ ಸೊಂಟದ ಎಸೆತ. ತೋಳು ಹಿಡಿದ ಕೈಯಿಂದ ಎದುರಾಳಿಯನ್ನು ಮುಂದಕ್ಕೆ ಮೇಲಕ್ಕೆ ಎಳೆದು, ಬಲಗೈ ಅವನ ಸೊಂಟ ಸುತ್ತಿ, ಬೆನ್ನು ತಿರುಗಿಸಿ ಒಳಹೊಕ್ಕಾಗ ನಿಮ್ಮ ಎರಡೂ ಪಾದ ಅವನ ಪಾದಗಳ ಒಳಗಿರಬೇಕು, ನಿಮ್ಮ ಸೊಂಟ ಅವನ ಬೆಲ್ಟಿಗಿಂತ ಕೆಳಗಿರಬೇಕು. ಮೊಣಕಾಲು ಮಡಚಿ ಕೆಳಗಿಳಿಯಿರಿ, ಕಾಲು ನೇರ ಮಾಡಿ ಎತ್ತಿ. ಮೊಣಕಾಲು ಮಡಚದೆ ನಡು ಬಗ್ಗಿಸಿ ಎತ್ತುವವರಿಗೆ ಒಂದೇ ತಿಂಗಳಲ್ಲಿ ಬೆನ್ನುನೋವು ಬರುತ್ತದೆ.

ದೆ-ಆಶಿ-ಬರಾಯಿಯಲ್ಲಿ ಸಮಯವೇ ಎಲ್ಲ. ಎದುರಾಳಿಯ ಮುಂದಿಟ್ಟ ಕಾಲಿಗೆ ಭಾರ ಇನ್ನೇನು ಇಳಿಯಬೇಕು ಎನ್ನುವಾಗ ಅಂಗಾಲಿನಿಂದ ಆ ಪಾದವನ್ನು ಪಕ್ಕಕ್ಕೆ ಗುಡಿಸಬೇಕು. ನಿಮ್ಮ ಕಿರುಬೆರಳಿನ ಅಂಚು ಮ್ಯಾಟನ್ನು ಸವರುತ್ತಾ ಹೋಗಬೇಕು. ಭಾರ ಇಳಿದ ಮೇಲೆ ಗುಡಿಸಿದರೆ ಅದು ಮೂಳೆಗೆ ಬಿದ್ದ ಒದೆತ, ಅಷ್ಟೇ.

ಓ-ಸೋಟೊ-ಗಾರಿ ಮಾಡಲು ಹೋದಾಗಲೆಲ್ಲ ನಾನೇ ಹಿಂದಕ್ಕೆ ಬೀಳ್ತೀನಿ. ಏಕೆ?

ನಿಮ್ಮ ಎಡಗಾಲು ದೂರ ಉಳಿಯುತ್ತಿದೆ. ಇದರಲ್ಲಿ ಎದುರಾಳಿಯ ಬಲ ಹಿಮ್ಮಡಿಯ ಮೇಲೆ ಭಾರ ಕೂರಿಸಿ, ಅದೇ ಕಾಲನ್ನು ಹಿಂದಿನಿಂದ ಕೊಯ್ಯಬೇಕು. ಎಡ ಹೆಜ್ಜೆ ಅವನ ಬಲಪಾದದ ಪಕ್ಕಕ್ಕೆ, ಸಾಲಾಗಿ ಬರಬೇಕು. ಹೆಜ್ಜೆ ಅರ್ಧ ಅಡಿ ಹಿಂದೆ ಉಳಿದರೂ ಕಾಲು ಚಾಚಲು ನೀವು ಹಿಂದಕ್ಕೆ ವಾಲುತ್ತೀರಿ, ಆಗ ಅವನು ಅದೇ ಎಸೆತವನ್ನು ನಿಮಗೆ ತಿರುಗಿಸುತ್ತಾನೆ. ಹೆಜ್ಜೆ ಇಡುವಾಗಲೇ ತೋಳಿನ ಕೈಯನ್ನು ನಿಮ್ಮ ಎಡ ಸೊಂಟದತ್ತ ಎಳೆಯಿರಿ, ಕಾಲರಿನ ಕೈಯಿಂದ ಅವನ ಗದ್ದ ಮೇಲೇಳುವಂತೆ ಹಿಂದಕ್ಕೆ ನೂಕಿ. ಎದೆಗೆ ಎದೆ ತಾಗಬೇಕು. ಬಲಗಾಲು ಮುಂದೆ ಬೀಸಿ, ಕಾಲ್ಬೆರಳು ಚೂಪಾಗಿ ನೆಲದತ್ತ ಇಟ್ಟು, ತೊಡೆಯ ಹಿಂಭಾಗಕ್ಕೆ ತೊಡೆಯ ಹಿಂಭಾಗ ತಾಗುವಂತೆ ಕೊಯ್ಯಿರಿ. ಕೊಯ್ಯುವಾಗ ನಿಮ್ಮ ತಲೆ ಮುಂದಕ್ಕೆ ಇಳಿಯಬೇಕು.

ಈ ಎಸೆತದಲ್ಲಿ ಬೀಳುವವರ ತಲೆಯ ಹಿಂಭಾಗ ನೆಲಕ್ಕೆ ಬಡಿಯುವ ಅಪಾಯ ಉಳಿದ ಎಸೆತಗಳಿಗಿಂತ ಹೆಚ್ಚು. ಹಿಂದಕ್ಕೆ ಬೀಳುವ ಉಕೆಮಿ ಪಕ್ಕಾ ಆಗದ ಮಗುವಿನ ಮೇಲೆ ಇದನ್ನು ಮಾಡಲೇಬೇಡಿ. ಎಸೆಯುವವರು ತೋಳು ಬಿಡದೆ ಮೇಲಕ್ಕೆ ಎಳೆದು ಹಿಡಿಯಬೇಕು.

ನೆಲದ ಮೇಲೆ ಏನೇನು ಮಾಡಬಹುದು?

ಅದುಮಿ ಹಿಡಿಯುವುದು, ಕತ್ತು ಒತ್ತುವುದು, ಮೊಣಕೈ ಕೀಲಿಗೆ ಒತ್ತಡ ಹಾಕುವುದು. ಮೊಣಕೈ ಬಿಟ್ಟು ಬೇರೆ ಯಾವ ಕೀಲಿಗೂ ಕೈ ಹಾಕುವಂತಿಲ್ಲ. ಮಣಿಕಟ್ಟು, ಮೊಣಕಾಲು, ಬೆರಳು ಎಲ್ಲ ನಿಷಿದ್ಧ. ಚಿಕ್ಕ ಮಕ್ಕಳಿಗೆ ಅದುಮುವುದೊಂದೇ.

ಮೊದಲ ಹಿಡಿತ ಕೆಸಾ-ಗಾತಮೆ. ಎದುರಾಳಿಯ ಬಲಪಕ್ಕೆಗೆ ನಿಮ್ಮ ಬಲ ಸೊಂಟ ಒತ್ತಿ ಕೂತು, ಬಲಗೈ ಅವನ ಕತ್ತು ಸುತ್ತಲಿ, ಅವನ ಬಲತೋಳನ್ನು ನಿಮ್ಮ ಎಡ ಕಂಕುಳಲ್ಲಿ ಸಿಕ್ಕಿಸಿ ಎಳೆದು ಹಿಡಿಯಿರಿ. ಕಾಲುಗಳು ಅಗಲವಾಗಿ, ತಲೆ ತಗ್ಗಿ ಇರಲಿ. ಕೆಳಗಿರುವವನು ಸೇತುವೆ ಕಟ್ಟಿ ಉರುಳಿಸುವುದು ಹೊಟ್ಟೆಯ ಮೇಲೆ ಹತ್ತಿ ಕೂತವರನ್ನು. ಭಾರ ಪಕ್ಕೆಲುಬಿನ ಮೇಲಿರಲಿ. ತಪ್ಪಿಸಿಕೊಳ್ಳುವವರು ಮೊದಲು ಸಿಕ್ಕಿಬಿದ್ದ ಮೊಣಕೈಯನ್ನು ನೆಲಕ್ಕೆ ಎಳೆದುಕೊಳ್ಳಬೇಕು. ಮೊಣಕೈ ನೆಲ ಮುಟ್ಟಿದರೆ ಅರ್ಧ ಬಿಡುಗಡೆ. ಆಮೇಲೆ ಅವನ ಹಿಂದಿನ ಕಾಲಿಗೆ ನಿಮ್ಮ ಎರಡೂ ಕಾಲು ಸುತ್ತಿದರೆ ರೆಫರಿ ‘ತೊಕೆತಾ’ ಎಂದು ಎಣಿಕೆ ನಿಲ್ಲಿಸುತ್ತಾರೆ.

ಕತ್ತು ಒತ್ತುವುದು ಅಪಾಯ ಅಲ್ವಾ?

ಕತ್ತಿನ ಎರಡು ಪಕ್ಕದ ರಕ್ತನಾಳ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ನಿಯಮ ಸರಳ: ಎರಡು ಸಲ ತಟ್ಟಿದ ಕ್ಷಣ ಬಿಡಬೇಕು. ಎದುರಾಳಿಯ ಮೈಮೇಲೆ ತಟ್ಟಿ, ಮ್ಯಾಟಿನ ಮೇಲೆ ತಟ್ಟಿದರೆ ಗದ್ದಲದಲ್ಲಿ ಕೇಳದೇ ಹೋಗಬಹುದು. ತಟ್ಟುವುದನ್ನು ಅವಮಾನ ಎಂದು ತಿಳಿಯುವ ಹುಡುಗರನ್ನು ಕೋಚ್ ಮೊದಲೇ ತಿದ್ದಬೇಕು. ಪ್ರಜ್ಞೆ ತಪ್ಪಿದವರನ್ನು ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಎಚ್ಚರವಾಗುತ್ತದೆ. ಆಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಎಚ್ಚರವಾದವರಿಗೂ ಆ ದಿನದ ಅಭ್ಯಾಸ ಮುಗಿಯಿತು.

ಮನೆಯಲ್ಲಿ ಏನು ಅಭ್ಯಾಸ ಮಾಡಬಹುದು?

ಹಳೆಯ ಸೈಕಲ್ ಟ್ಯೂಬನ್ನು ಎದೆಯ ಎತ್ತರದಲ್ಲಿ ಕಂಬಕ್ಕೆ ಕಟ್ಟಿ, ಎರಡು ತುದಿ ಹಿಡಿದು, ತಿರುಗಿ ಒಳಹೊಗುವ ಹೆಜ್ಜೆಯನ್ನು ಹತ್ತರ ಸುತ್ತಿನಲ್ಲಿ ಐದು ಸಲ ಮಾಡಿ. ಟ್ಯೂಬು ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿದ್ದರೆ ಮೊಣಕಾಲು ಮಡಚಿಲ್ಲ ಎಂದರ್ಥ. ಹಗ್ಗ ಹತ್ತುವುದು, ಟವೆಲ್ ಹಿಡಿದು ಜೋತಾಡುವುದು ಹಿಡಿತಕ್ಕೆ ಒಳ್ಳೆಯದು. ಅಡಿಕೆ ಒಣಗಿಸುವ ಅಂಗಳದಲ್ಲಿ, ಹುಲ್ಲಿನ ಮೇಲೆ, ಹಾಸಿಗೆಯ ಮೇಲೆ ಎಸೆತ ಬೇಡ. ಹುಲ್ಲಿನ ಕೆಳಗಿನ ನೆಲ ಗಟ್ಟಿಯೇ, ಹಾಸಿಗೆಯಲ್ಲಿ ಕಾಲು ಹೂತು ಮೊಣಕಾಲು ತಿರುಚುತ್ತದೆ.

ಪಂದ್ಯದಲ್ಲಿ ಅಂಕ ಹೇಗೆ?

ಹಿರಿಯರ ಪಂದ್ಯ 4 ನಿಮಿಷ. ಇಪ್ಪೊನ್ ಬಂದರೆ ಅಲ್ಲಿಗೇ ಪಂದ್ಯ ಮುಗಿಯಿತು. ವೇಗ, ಬಲ, ಹತೋಟಿಯೊಂದಿಗೆ ಬೆನ್ನಿನ ಮೇಲೆ ಬೀಳಿಸಿದರೆ, 20 ಸೆಕೆಂಡ್ ಅದುಮಿ ಹಿಡಿದರೆ ಅಥವಾ ಎದುರಾಳಿ ಸೋಲೊಪ್ಪಿದರೆ ಇಪ್ಪೊನ್. ಎಸೆತದಲ್ಲಿ ಇವುಗಳಲ್ಲಿ ಯಾವುದಾದರೂ ಕೊರತೆಯಾದರೆ ವಾಜಾ-ಆರಿ. 10ರಿಂದ 19 ಸೆಕೆಂಡ್ ಹಿಡಿತಕ್ಕೂ ಅದೇ. ಎರಡು ವಾಜಾ-ಆರಿ ಸೇರಿದರೆ ಇಪ್ಪೊನ್. ವಾಜಾ-ಆರಿಗೂ ಸಾಲದ ಬೀಳುವಿಕೆಗೆ, 5ರಿಂದ 9 ಸೆಕೆಂಡ್ ಹಿಡಿತಕ್ಕೆ ಯುಕೊ. 2017ರಲ್ಲಿ ಯುಕೊ ತೆಗೆದಿದ್ದರು, 2025ರಲ್ಲಿ ಮರಳಿ ತಂದರು. ಅದಕ್ಕೇ ಹಳೆಯ ಪಂದ್ಯಗಳ ವಿಡಿಯೊ ನೋಡುವವರಿಗೆ ಗೊಂದಲ. ಎಷ್ಟು ಯುಕೊ ಸೇರಿದರೂ ಒಂದು ವಾಜಾ-ಆರಿಗೆ ಸಮವಲ್ಲ.

ಸಮಯ ಮುಗಿದಾಗ ಅಂಕ ಸಮವಾಗಿದ್ದರೆ ಗೋಲ್ಡನ್ ಸ್ಕೋರ್. ಅದಕ್ಕೆ ಸಮಯದ ಮಿತಿಯಿಲ್ಲ, ಮೊದಲ ಅಂಕ ಪಡೆದವರು ಗೆದ್ದಂತೆ. ಹಿಂದಿನ ದಂಡಗಳು ಅಲ್ಲಿಯೂ ಮುಂದುವರಿಯುತ್ತವೆ. ಆದ್ದರಿಂದ ಎರಡು ಶಿಡೊ (ಸಣ್ಣ ತಪ್ಪಿನ ದಂಡ) ಹೊತ್ತು ಗೋಲ್ಡನ್ ಸ್ಕೋರಿಗೆ ಹೋದವರು ಸುಮ್ಮನೆ ಕಾಯುವಂತಿಲ್ಲ.

ಶಿಡೊ ಯಾವುದಕ್ಕೆ ಬೀಳುತ್ತೆ?

ದಾಳಿ ಮಾಡದೆ ಸುಮ್ಮನಿರುವುದು, ಎಸೆಯುವ ಉದ್ದೇಶವಿಲ್ಲದ ಸುಳ್ಳು ದಾಳಿ, ಕಾರಣವಿಲ್ಲದೆ ಮ್ಯಾಟಿನ ಹೊರಗೆ ಹೋಗುವುದು ಅಥವಾ ನೂಕುವುದು, ಹಿಡಿತಕ್ಕೇ ಸಿಗದೆ ಓಡಾಡುವುದು, ಬೆರಳಿಗೆ ಬೆರಳು ಹೆಣೆದು ತಡೆಯುವುದು, ಕಾಲು ಹಿಡಿಯುವುದು. ಮೂರು ಶಿಡೊ ಆದರೆ ಹನ್ಸೊಕು-ಮಾಕೆ, ಅಂದರೆ ಪಂದ್ಯ ಸೋತಂತೆ. ಎಸೆಯುವಾಗ ತನ್ನ ತಲೆಯನ್ನು ಮ್ಯಾಟಿಗೆ ನೆಡುವುದು, ಕತ್ತರಿಯಂತೆ ಎರಡೂ ಕಾಲು ಹಾಕಿ ಬೀಳಿಸುವ ಕಾನಿ-ಬಸಾಮಿ, ಎದುರಾಳಿಯ ಕತ್ತು-ಬೆನ್ನುಹುರಿಗೆ ಅಪಾಯ ತರುವ ಯಾವುದೇ ಕೃತ್ಯಕ್ಕೆ ನೇರ ಹನ್ಸೊಕು-ಮಾಕೆ.

ರೆಫರಿ ಹೇಳುವ ಜಪಾನಿ ಮಾತು ತಿಳಿಯೋದಿಲ್ಲ.

ಐದು ಸಾಕು. ‘ಹಜಿಮೆ’ ಶುರು, ‘ಮಾತ್ತೆ’ ನಿಲ್ಲಿ, ‘ಒಸಾಯೆಕೊಮಿ’ ಹಿಡಿತದ ಎಣಿಕೆ ಶುರು, ‘ತೊಕೆತಾ’ ಹಿಡಿತ ಬಿಟ್ಟಿತು, ‘ಸೊರೆ-ಮಾದೆ’ ಮುಗಿಯಿತು. ಎದುರಾಳಿ ತಟ್ಟದ ಹೊರತು ‘ಮಾತ್ತೆ’ ಅಥವಾ ‘ಸೊರೆ-ಮಾದೆ’ ಕೇಳುವವರೆಗೆ ಕೈ ಬಿಡಬೇಡಿ. ಅಂಕ ಬಂತೆಂದು ತಾವೇ ಎದ್ದು ನಿಂತು ಪಂದ್ಯ ಕಳೆದುಕೊಳ್ಳುವ ಮಕ್ಕಳು ಪ್ರತಿ ಕೂಟದಲ್ಲೂ ಇರುತ್ತಾರೆ.

ತೂಕದ ವಿಭಾಗಗಳು ಯಾವುವು? ತೂಕ ಇಳಿಸಿ ಆಡಬಹುದಾ?

ಹಿರಿಯ ಪುರುಷರಿಗೆ 60, 66, 73, 81, 90, 100 ಕಿಲೊವರೆಗೆ ಮತ್ತು 100ರ ಮೇಲೆ. ಮಹಿಳೆಯರಿಗೆ 48, 52, 57, 63, 70, 78 ಕಿಲೊವರೆಗೆ ಮತ್ತು 78ರ ಮೇಲೆ. ಬೆಳೆಯುವ ಮಕ್ಕಳ ತೂಕ ಇಳಿಸಬೇಡಿ. ಊಟ ಬಿಟ್ಟು, ನೀರು ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಓಡಿಸಿದ ಮಗು ಎರಡನೇ ನಿಮಿಷಕ್ಕೆ ಕೈ ಸೋತು ನಿಲ್ಲುತ್ತದೆ, ದಣಿದಾಗಲೇ ಉಕೆಮಿ ತಪ್ಪುತ್ತದೆ. ಅರ್ಧ ಕಿಲೊ ಹೆಚ್ಚಿದ್ದರೆ ಮೇಲಿನ ವಿಭಾಗದಲ್ಲಿ ಆಡಿಸಿ.

ಬ್ಲ್ಯಾಕ್ ಬೆಲ್ಟ್ ಎಷ್ಟು ವರ್ಷಕ್ಕೆ?

ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು, ಆಮೇಲೆ ಕಪ್ಪು. ತಪ್ಪದೆ ಬರುವವರಿಗೂ ನಾಲ್ಕೈದು ವರ್ಷ ಹಿಡಿಯುತ್ತದೆ. ವರ್ಷದೊಳಗೆ ಕಪ್ಪು ಬೆಲ್ಟ್ ಕೊಡಿಸುತ್ತೇವೆ ಎನ್ನುವವರ ಹತ್ತಿರ ಸೇರಬೇಡಿ.

ಹೆಣ್ಣುಮಕ್ಕಳಿಗೆ ಇದರಲ್ಲಿ ಮುಂದೆ ಬರುವ ಅವಕಾಶ ಇದೆಯಾ?

ಭಾರತದ ಜೂಡೋದಲ್ಲಿ ಈಚಿನ ದೊಡ್ಡ ಹೆಸರುಗಳು ಹೆಚ್ಚಾಗಿ ಹೆಣ್ಣುಮಕ್ಕಳದ್ದೇ. ಮಣಿಪುರದ ಸುಶೀಲಾ ದೇವಿ 2014 ಮತ್ತು 2022ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಬೆಳ್ಳಿ ಗೆದ್ದರು. ತೂಲಿಕಾ ಮಾನ್ 2022ರಲ್ಲಿ ಬೆಳ್ಳಿ ಗೆದ್ದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಲಿಂಥೋಯ್ ಚನಂಬಮ್ 2022ರಲ್ಲಿ ಸರಾಯೆವೊದಲ್ಲಿ ಕೆಡೆಟ್ (18ರೊಳಗಿನವರ) ವಿಶ್ವ ಚಾಂಪಿಯನ್ ಆದಾಗ ಅಭ್ಯಾಸ ಮಾಡುತ್ತಿದ್ದದ್ದು ನಮ್ಮದೇ ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ದೃಷ್ಟಿದೋಷವಿರುವ ಮಕ್ಕಳಿಗೂ ಜೂಡೋ ಚೆನ್ನಾಗಿ ಒಗ್ಗುತ್ತದೆ, ಅವರ ಪಂದ್ಯ ಇಬ್ಬರೂ ಹಿಡಿತ ಹಾಕಿಕೊಂಡೇ ಶುರುವಾಗುತ್ತದೆ. ಕಪಿಲ್ ಪರ್ಮಾರ್ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದಾರೆ.

ತಲೆಗೆ ಪೆಟ್ಟಾದರೆ?

ಆ ಕ್ಷಣವೇ ಮ್ಯಾಟಿನಿಂದ ಹೊರಗೆ. ವಾಂತಿ, ಹೆಚ್ಚುತ್ತಿರುವ ತಲೆನೋವು, ಕಣ್ಣು ಮಂಜು, ಮಾತು ತೊದಲುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಏನೂ ಕಾಣದಿದ್ದರೂ ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರು ಹೇಳುವವರೆಗೆ ತರಗತಿಗೆ ಕಳಿಸಬೇಡಿ. ಮೊದಲ ಪೆಟ್ಟು ವಾಸಿಯಾಗುವ ಮುನ್ನ ಬೀಳುವ ಎರಡನೇ ಪೆಟ್ಟು ಜೀವಕ್ಕೇ ಕುತ್ತು ತರಬಹುದು. ಬೆರಳು ಉಳುಕಿದರೆ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ. ಮೊಣಕಾಲಲ್ಲಿ ‘ಟಕ್’ ಎಂದು ಸದ್ದಾಗಿ ಊದಿಕೊಂಡರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಮೂಳೆ ತಜ್ಞರಿಗೆ ತೋರಿಸಿ.

ಒಳ್ಳೆಯ ತರಗತಿ ಎಂದು ಹೇಗೆ ಗುರುತಿಸೋದು?

ಸೇರುವ ಮೊದಲು ಒಂದು ಸಂಜೆ ಪೂರ್ತಿ ಕೂತು ನೋಡಿ. ಮ್ಯಾಟುಗಳ ನಡುವೆ ಸಂದಿ ಇದೆಯಾ, ಗೋಡೆ-ಕಂಬಗಳು ಹತ್ತಿರ ಇದ್ದರೆ ಅವಕ್ಕೆ ಮೆತ್ತೆ ಕಟ್ಟಿದ್ದಾರಾ, 25 ಕಿಲೊ ಮಗುವನ್ನು 50 ಕಿಲೊ ಹುಡುಗನ ಜೊತೆ ಬಿಡುತ್ತಾರಾ ಗಮನಿಸಿ. ಮಕ್ಕಳು ತಟ್ಟಿದ ಕೂಡಲೇ ಜೊತೆಗಾರ ಬಿಡುತ್ತಾನಾ ಎನ್ನುವುದೇ ಆ ಕೋಚ್ ಏನು ಕಲಿಸಿದ್ದಾರೆ ಎಂಬುದಕ್ಕೆ ಸಾಕ್ಷಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ.

ಆರು ತಿಂಗಳಾಯಿತು, ರಂದೋರಿಯಲ್ಲಿ ಯಾರನ್ನೂ ಎಸೆಯಲು ಆಗ್ತಿಲ್ಲ.

ಹೀಗಾಗುವುದು ಸಹಜ. ಎಸೆತದ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡುವ ಉಚಿಕೋಮಿಯಲ್ಲಿ ಜೊತೆಗಾರ ನಿಂತು ಕೊಡುತ್ತಾನೆ, ಬಿಡುವಾಗಿ ಆಡುವ ಅಭ್ಯಾಸದ ಪಂದ್ಯವಾದ ರಂದೋರಿಯಲ್ಲಿ ಅವನು ನಡೆಯುತ್ತಾನೆ, ತಡೆಯುತ್ತಾನೆ. ನಡುವಿನ ಮೆಟ್ಟಿಲೊಂದನ್ನು ನೀವು ಬಿಟ್ಟಿದ್ದೀರಿ: ನಡೆಯುತ್ತಾ ಎಸೆಯುವ ಅಭ್ಯಾಸ. ಜೊತೆಗಾರನನ್ನು ಮೂರು ಹೆಜ್ಜೆ ಹಿಂದಕ್ಕೆ ನಡೆಸಿ, ಮೂರನೆಯದಕ್ಕೆ ಓ-ಉಚಿ-ಗಾರಿ ಹಾಕಿ. ಅವನು ಕಾಲು ತಪ್ಪಿಸಿ ಮುಂದಕ್ಕೆ ಭಾರ ಹಾಕಿದರೆ ಅದೇ ಕ್ಷಣ ತಿರುಗಿ ಇಪ್ಪೊನ್-ಸೆಯೊಯ್-ನಾಗೆ. ಈ ಜೋಡಿಯೊಂದನ್ನೇ ಎರಡು ತಿಂಗಳು ಹಿಡಿದುಕೊಳ್ಳಿ. ರಂದೋರಿಯಲ್ಲಿ ಕೈ ಚಾಚಿ ಬಿಗಿಯಾಗಿ ನಿಲ್ಲುವುದನ್ನು ಬಿಡಿ. ಕೈ ಚಾಚಿ ನಿಂತವರನ್ನು ಎಸೆಯುವುದು ಕಷ್ಟ ನಿಜ, ಅವರಿಗೂ ಎಸೆಯಲು ಬರುವುದಿಲ್ಲ. ಮೊಣಕೈ ಮಡಚಿ ಒಳಗೆ ಬನ್ನಿ, ಬೀಳುವುದಾದರೆ ಬೀಳಿ, ಎದ್ದು ಮತ್ತೆ ಅದೇ ಜೋಡಿಯನ್ನು ಹಾಕಿ.